ಜಿಂಕೆಗೆ ಲಿವರ್ ರೈಫಲ್: ಯಾವುದು, ಎಷ್ಟು ದೂರ? (ದಯವಿಟ್ಟು ಅಜ್ಜನ ಕೋವಿ ಬಿಟ್ಟು ಮಾತಾಡಿ)

ಪಿಟ್ಸ್‌ಬರ್ಗ್ ಪಾಪಣ್ಣ:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಪೆನ್ಸಿಲ್ವೇನಿಯಾದ ಹಂಟಿಂಗ್ ಕೋರ್ಸ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡಿದ್ದೇನೆ. ಆಫೀಸಿನ ಗೆಳೆಯನ ಮಾವನ ಜಾಗ ಇದೆ. ಓಕ್ ಕಾಡು, ಅದರ ಪಕ್ಕ ಒಂದು ಜೋಳದ ಹೊಲ. ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ರೈಫಲ್ ಸೀಸನ್ ಶುರು. ಅಂಗಡಿಯಲ್ಲಿ ಹೊಸ ಮಾರ್ಲಿನ್ 336 ಇದೆ, ಹಳೆಯ ವಿಂಚೆಸ್ಟರ್ 94 ಕೂಡ ಒಂದು ಸಿಗುತ್ತಿದೆ. ಎರಡೂ ಲಿವರ್ ರೈಫಲ್ (ಕೆಳಗಿನ ಸನ್ನೆ ಎಳೆದು ತೋಟಾ ಏರಿಸುವಂಥದ್ದು), ಎರಡಕ್ಕೂ 30-30 ತೋಟಾ. ಯಾವುದು ತೆಗೆದುಕೊಳ್ಳಲಿ? ಎಷ್ಟು ಗಜದವರೆಗೆ ಧೈರ್ಯವಾಗಿ ಹೊಡೆಯಬಹುದು? ಕಾಡಿನೊಳಗೆ 60 ಗಜದ ಆಚೆ ಏನೂ ಕಾಣಿಸುವುದಿಲ್ಲ. ಹೊಲದ ಆ ತುದಿ 220 ಗಜ.

ಒಂಟಿನಳಿಗೆ:
94 ತಗೊಳ್ಳಿ, ಕಣ್ಣು ಮುಚ್ಚಿಕೊಂಡು. ಕೋವಿ ವಿನ್ಯಾಸಗಾರ ಜಾನ್ ಬ್ರೌನಿಂಗ್ ಕೈಯ ಕೆಲಸ ಅದು. ಎಪ್ಪತ್ತು ಲಕ್ಷಕ್ಕೂ ಜಾಸ್ತಿ ಮಾಡಿ ಮಾರಿದ್ದಾರೆ, ಸುಮ್ನೆ ಅಲ್ಲ. ತಡಿಯ ಪಕ್ಕ ಚೀಲದಲ್ಲಿ ಇಟ್ಟರೆ ಕುದುರೆಗೂ ಗೊತ್ತಾಗದಷ್ಟು ತೆಳ್ಳಗೆ. ಅಮೆರಿಕದಲ್ಲಿ 30-30 ಹೊಡೆದಷ್ಟು ಜಿಂಕೆ ಬೇರೆ ಯಾವ ತೋಟಾವೂ ಹೊಡೆದಿಲ್ಲ. ದೂರ: 100 ಗಜ. ಅಷ್ಟೇ.

ಲೆಕ್ಕಿಗ:
"ಹೊಡೆದಷ್ಟು ಜಿಂಕೆ ಬೇರೆ ಯಾವುದೂ ಹೊಡೆದಿಲ್ಲ" ಅಂತ ಎಣಿಸಿದವರು ಯಾರು ಸ್ವಾಮಿ? ಜಿಂಕೆಗಳು ಬಂದು ರಿಜಿಸ್ಟರ್‌ನಲ್ಲಿ ಸಹಿ ಹಾಕಿದವಾ?

100 ಗಜ ಅನ್ನುವುದು ಅಜ್ಜಂದಿರ ಕಾಲದ ಮಾತು. ಹಾರ್ನಡಿಯವರ ಲಿವರೆವಲ್ಯೂಷನ್ ತೋಟಾ ನೋಡಿ. 160 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 2400 ಅಡಿ. 100 ಗಜಕ್ಕೆ ಗುಂಡು 3 ಇಂಚು ಮೇಲೆ ಬೀಳುವಂತೆ ಗುರಿ ಕೂರಿಸಿದರೆ 200 ಗಜಕ್ಕೆ ನೇರ ಗುರಿಗೆ ಬೀಳುತ್ತದೆ. ಅಲ್ಲೂ ಸುಮಾರು 1300 ಅಡಿ-ಪೌಂಡ್ ಬಲ ಉಳಿದಿರುತ್ತದೆ. ಜಿಂಕೆಗೆ 1000 ಸಾಕು ಅಂತ ಎಲ್ಲರೂ ಹೇಳುತ್ತಾರೆ. 200 ಗಜ ಆರಾಮ. ಮತ್ತೆ ಸ್ಕೋಪ್ ಹಾಕುವ ಯೋಚನೆ ಇದ್ದರೆ ಮಾರ್ಲಿನ್. ಹಳೆಯ 94 ಖಾಲಿ ತೋಟಾವನ್ನು ತಲೆಯ ಮೇಲಿಂದ ಎಸೆಯುತ್ತದೆ. ಸ್ಕೋಪ್ ಎಲ್ಲಿ ಕೂರಿಸುತ್ತೀರಿ? ಮಾರ್ಲಿನ್ ಪಕ್ಕಕ್ಕೆ ಎಸೆಯುತ್ತದೆ.

ಒಂಟಿನಳಿಗೆ:
"ಎಲ್ಲರೂ ಹೇಳುತ್ತಾರೆ" ಅಂದರೆ ಯಾರು? ನನ್ನನ್ನು ಎಣಿಸಿದವರು ಯಾರು ಅಂತ ಕೇಳಿ, ಮೂರು ಸಾಲು ಕೆಳಗೆ ನೀವೇ "ಎಲ್ಲರೂ" ಅಂತೀರಲ್ಲ! ಆ 2400 ಅಡಿ 24 ಇಂಚಿನ ಪರೀಕ್ಷೆ ನಳಿಗೆಯ ಲೆಕ್ಕ. ಮಾರ್ಲಿನ್ ನಳಿಗೆ 20 ಇಂಚು. ಡಬ್ಬದ ಮೇಲೆ ಬರೆದದ್ದನ್ನು ಓದಿ ಜಿಂಕೆ ಬೀಳುವುದಿಲ್ಲ.

ಓಹಿಯೋ ಗೌಡ:
ಇಲ್ಲಿ ನಮ್ಮ ಓಹಿಯೋದಲ್ಲಿ ಜಿಂಕೆಗೆ 30-30 ನಡೆಯುವುದೇ ಇಲ್ಲ, ಗೊತ್ತಾ? ಕತ್ತು ಸಣ್ಣಗಾಗದ ನೇರ ತೋಟಾ ಮಾತ್ರ, .357ರಿಂದ .50 ಇಂಚಿನ ಒಳಗೆ. ಹಾಗಾಗಿ 45-70 ತೋಟಾದ್ದು ತಗೊಳ್ಳಿ. 1873ರಿಂದ ಇದೆ, ಇನ್ನೂ ಸೋತಿಲ್ಲ. ಇಲ್ಲದಿದ್ದರೆ 360 ಬಕ್‌ಹ್ಯಾಮರ್. ರೆಮಿಂಗ್ಟನ್‌ನವರು 30-30ಯ ಹಿತ್ತಾಳೆ ಕವಚವನ್ನೇ ನೆಟ್ಟಗೆ ಮಾಡಿ 2023ರಲ್ಲಿ ತಂದದ್ದು.

ಪಿಟ್ಸ್‌ಬರ್ಗ್ ಪಾಪಣ್ಣ:
ಗೌಡ್ರೇ, ನಾನು ಪೆನ್ಸಿಲ್ವೇನಿಯಾದಲ್ಲಿ ಇರುವುದು.

ಓಹಿಯೋ ಗೌಡ:
ಪಕ್ಕದ ರಾಜ್ಯ ತಾನೇ. ಒಂದು ದಿನ ಈ ಕಡೆ ಬಂದರೆ?

ಬೋಲ್ಟ್ ಭಟ್ಟರು:
ಲಿವರ್ ಯಾಕ್ರೀ ಬೇಕು? ಒಂದು ಸಾದಾ ಬೋಲ್ಟ್ ರೈಫಲ್ (ಪಕ್ಕದ ಹಿಡಿ ಹಿಂದೆ ಮುಂದೆ ಎಳೆಯುವಂಥದ್ದು), .308 ತೋಟಾ, ಮೇಲೊಂದು ಸ್ಕೋಪ್. ಕಾಡಿಗೂ ಆಯಿತು, 220 ಗಜದ ಹೊಲಕ್ಕೂ ಆಯಿತು. ಲಿವರ್ ತಗೊಳ್ಳುವವರು ಜಿಂಕೆಗಿಂತ ಕನ್ನಡಿಯ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ತೀರ್ಥಹಳ್ಳಿ ತಿಮ್ಮಪ್ಪ:
ಭಟ್ಟರು ಹೇಳುವುದು ಕೇಳಿದರೆ ನಗು ಬರುತ್ತದೆ. ಸ್ಕೋಪ್ ಇಲ್ಲದೆ ಹೊಡೆಯಲು ಆಗುವುದಿಲ್ಲವಾ? ನಮ್ಮಜ್ಜ ಕೇಪಿನ ಕೋವಿಯಲ್ಲಿ (ಏಟಿಗೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವುದು), ನಳಿಗೆ ತುದಿಯ ಗುರಿ ಮಣಿ ನೋಡಿ, 150 ಮಾರು ದೂರದ ಕಡವೆ ಹೊಡೆದಿದ್ದರು. ಒಂದೇ ಈಡು. ಊರೆಲ್ಲ ಸಾಕ್ಷಿ. ಎರಡು ದಿನ ಮರಸು ಕೂತು, ಅಂದರೆ ಮರದ ಮೇಲೆ ಅಡಗಿ ಕಾದು, ಹೊಡೆದದ್ದು. ಕೈ ಮುಖ್ಯ, ಕೋವಿ ಅಲ್ಲ.

ಲೆಕ್ಕಿಗ:
ಒಂದು ಮಾರು ಅಂದರೆ ಎರಡು ಕೈ ಚಾಚಿದಷ್ಟು. ನಾಲ್ಕು ಮೊಳ, ಆರು ಅಡಿ, ಅಂದರೆ ಎರಡು ಗಜ. 150 ಮಾರು ಅಂದರೆ 300 ಗಜ. ಬಾಯಿಂದ ಮದ್ದು ತುಂಬಿ, ಉದ್ದ ಕಡ್ಡಿಯಲ್ಲಿ ಜಡಿದು, ಒಳಗೆ ಗುಂಡು ತಿರುಗಿಸುವ ಗೀರು ಕೂಡ ಇಲ್ಲದ ನಳಿಗೆಯಿಂದ 300 ಗಜ! ಆ ಗುಂಡು ಕಡವೆಗೆ ಬಿತ್ತೋ, ಪಕ್ಕದ ಊರಿನ ಹಂಚಿಗೆ ಬಿತ್ತೋ?

ತೀರ್ಥಹಳ್ಳಿ ತಿಮ್ಮಪ್ಪ:
ನಮ್ಮ ಕಡೆ ಮಾರು ಅಂದರೆ ಒಂದು ಹೆಜ್ಜೆ.

ಮಂಡ್ಯದ ಮಗಳು:
ಯಾವ ಕಡೆ ಸರ್ ಅದು? ನಮ್ಮಮ್ಮ ಹೂವು ಕೊಳ್ಳುವಾಗ "ಮಾರು ಎಷ್ಟು" ಅಂದರೆ ಹೂವಿನವಳು ಹೆಜ್ಜೆ ಹಾಕಿ ತೋರಿಸುತ್ತಿದ್ದಳಾ?

ತೀರ್ಥಹಳ್ಳಿ ತಿಮ್ಮಪ್ಪ:
ಹೂವಿನ ಮಾರು ಬೇರೆ, ಶಿಕಾರಿ ಮಾರು ಬೇರೆ. ಗದ್ದೆ ಅಂಚಿನಲ್ಲಿ ನಡೆದು ಎಣಿಸಿದರೆ ಅದೇ ಮಾರು. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಬೇಕು.

ಒಂಟಿನಳಿಗೆ:
ನಾನೂ ಮಲೆನಾಡಿನವನೇ ಮಾರಾಯ್ರೇ. ಬಾವಿ ಹಗ್ಗ ಅಳೆಯುವುದು ಮಾರಿನಲ್ಲಿ. ಕೈ ಚಾಚಿಯೇ ಅಳೆಯುವುದು. ಹೆಜ್ಜೆಯನ್ನು ಮಾರು ಅಂದವರನ್ನು ನಾನು ನೋಡಿಲ್ಲ. ಆದರೆ ನಿಮ್ಮ ಮಾತಲ್ಲಿ ಒಂದು ಸರಿ, ಕೈ ಮುಖ್ಯ. ಅದಕ್ಕೇ 94 ಅಂದದ್ದು.

ಕೊಡಗಿನ ಕಾಫಿ:
ಕೇಪಿನ ಕೋವಿ ಅಂತ ಹಗುರ ಮಾಡಬೇಡಿ. ನಮ್ಮ ಮನೆಯಲ್ಲಿ ಇನ್ನೂ ಇದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ನಮ್ಮಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಹುಡುಗರನ್ನು ನೋಡಿ ಆಮೇಲೆ ಮಾತಾಡಿ.

ಲೆಕ್ಕಿಗ:
ತೆಂಗಿನಕಾಯಿ ಎಷ್ಟು ಮಾರು ದೂರ ಕಟ್ಟುತ್ತೀರಿ? ಹೂವಿನ ಮಾರಾ, ಶಿಕಾರಿ ಮಾರಾ?

ಕೊಡಗಿನ ಕಾಫಿ:
ನಿಮಗೆ ಎಲ್ಲವೂ ತಮಾಷೆ. ಮರದ ಮೇಲಿನ ಕಾಯಿ ಓಡುವುದಿಲ್ಲ, ಒಪ್ಪಿದೆ. ನೀವೂ ಡಬ್ಬದ ಮೇಲಿನ ಅಂಕಿ ಓಡಿಸುತ್ತೀರಿ, ಜಿಂಕೆಯನ್ನಲ್ಲ.

ಸುಮ್ನೆ ಓದೋನು:
ತಿಮ್ಮಪ್ಪನವರೇ, ಆ ಕಡವೆ ಯಾವ ವರ್ಷದ್ದು? 1972ರ ವನ್ಯಜೀವಿ ಕಾಯ್ದೆಗೆ ಮುಂಚೆಯೋ ಆಮೇಲೆಯೋ? ಆಮೇಲೆ ಆದರೆ "ಊರೆಲ್ಲ ಸಾಕ್ಷಿ" ಅನ್ನುವ ಸಾಲು ಅಳಿಸಿಬಿಡಿ.

ತೀರ್ಥಹಳ್ಳಿ ತಿಮ್ಮಪ್ಪ:
ಅಜ್ಜ ತೀರಿಕೊಂಡದ್ದೇ 1969ರಲ್ಲಿ. ಸತ್ತವರ ಹೆಸರು ಎತ್ತಿ ಹೀಗೆಲ್ಲ ಬರೆಯುವುದು ಯಾವ ಸಂಸ್ಕಾರ? ನಾನು ಒಂದು ಒಳ್ಳೆಯ ಮಾತು ಹೇಳಲು ಬಂದೆ, ಹಿಡಿದು ಎಳೆದಾಡುತ್ತಿದ್ದೀರಿ. ನಿಮ್ಮಲ್ಲಿ ಒಬ್ಬರಾದರೂ ಜಿಗಣೆ ಕಚ್ಚಿಸಿಕೊಂಡು ರಾತ್ರಿ ಮರದ ಮೇಲೆ ಕೂತಿದ್ದೀರಾ?

ಮಂಡ್ಯದ ಮಗಳು:
ರಾತ್ರಿ ಅಂತೀರಾ! ರಾತ್ರಿ 150 ಮಾರು ಆಚೆ ಮಣಿ ಹೇಗೆ ಕಾಣಿಸಿತು?

ತೀರ್ಥಹಳ್ಳಿ ತಿಮ್ಮಪ್ಪ:
ಬೆಳದಿಂಗಳು.

ಬೋಲ್ಟ್ ಭಟ್ಟರು:
ಸ್ಕೋಪ್ ಇದ್ದಿದ್ದರೆ ಬೆಳದಿಂಗಳು ಬೇಕಿರಲಿಲ್ಲ.

ಅನಾಮಿಕ:
ಎಚ್-1ಬಿ, ಗ್ರೀನ್ ಕಾರ್ಡ್ ಇರುವವರು ಇಲ್ಲಿ ಗನ್ ಮುಟ್ಟಿದರೆ ನೇರ ಡಿಪೋರ್ಟ್. ಹುಚ್ಚು ಸಹವಾಸ. ಜಿಂಕೆ ಏನು ಪಾಪ ಮಾಡಿತ್ತು?

ಲೆಕ್ಕಿಗ:
ತಪ್ಪು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯವರಿಗೆ ಫೆಡರಲ್ ಕಾನೂನಿನಲ್ಲಿ ತಡೆ ಇದೆ, ಆದರೆ ರಾಜ್ಯದ ಚಾಲ್ತಿ ಹಂಟಿಂಗ್ ಲೈಸೆನ್ಸ್ ಇದ್ದರೆ ಅದಕ್ಕೂ ವಿನಾಯಿತಿ ಇದೆ.

ಅನಾಮಿಕ:
ಜಿಂಕೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಓಹಿಯೋ ಗೌಡ:
ರಾತ್ರಿ ಕಾರಿಗೆ ಅಡ್ಡ ಬಂದು ನನ್ನ ಬಂಪರ್ ಪುಡಿ ಮಾಡಿತ್ತು. ಸಾಕಾ?

ಒಂಟಿನಳಿಗೆ:
ಪಾಪಣ್ಣ, ಈ ಗಲಾಟೆ ಬಿಡಿ. ಎಲ್ಲರೂ ಮಾಡುವ ತಪ್ಪು ದೂರದ ಅಂದಾಜಿನದು. ತಿಮ್ಮಪ್ಪನವರ ಅಜ್ಜನೂ ಪಾಪ ಅದನ್ನೇ ಮಾಡಿರಬೇಕು. ಮಾಮೂಲಿ 150 ಗ್ರೇನ್ 30-30 ನಳಿಗೆ ಬಿಡುವಾಗ ಸುಮಾರು 1900 ಅಡಿ-ಪೌಂಡ್. 200 ಗಜಕ್ಕೆ ಹೋಗುವಷ್ಟರಲ್ಲಿ ಅದು 860ರ ಹತ್ತಿರ. ಅರ್ಧಕ್ಕಿಂತ ಕಡಿಮೆ. ಗುಂಡಿನ ಮೂಗು ಚಪ್ಪಟೆ, ಗಾಳಿ ತಡೆಯುತ್ತದೆ. ಚೂಪು ಗುಂಡು ಹಾಕಲು ಆಗುವುದಿಲ್ಲ. ನಳಿಗೆ ಕೆಳಗಿನ ಕೊಳವೆಯಲ್ಲಿ ತೋಟಾ ಒಂದರ ಹಿಂದೆ ಒಂದು ಮಲಗಿರುತ್ತವೆ. ಒಂದರ ಮೂಗು ಮುಂದಿನದರ ಹಿಂಬದಿಯ ಕೇಪಿಗೆ ತಾಗಿಕೊಂಡಿರುತ್ತದೆ. ಈಡು ಹಾರಿದ ಏಟಿಗೆ ಕೊಳವೆಯೊಳಗೇ ಢಮ್ ಅನ್ನಬಹುದು.

ಲೆಕ್ಕಿಗ:
"ಚೂಪು ಗುಂಡು ಹಾಕಲು ಆಗುವುದಿಲ್ಲ" ಅಂದಿರಾ? ಲಿವರೆವಲ್ಯೂಷನ್ ತುದಿ ಚೂಪೇ. ಮೆತ್ತನೆಯ ಪ್ಲಾಸ್ಟಿಕ್, ಅದಕ್ಕೇ ಕೇಪು ಸಿಡಿಯುವುದಿಲ್ಲ. ಸ್ಯಾವೇಜ್ 99ರಲ್ಲಿ ತೋಟಾ ಸುತ್ತ ತಿರುಗುವ ಗೂಡಿನಲ್ಲಿ ಇರುತ್ತವೆ, ಬ್ರೌನಿಂಗ್ ಬಿಎಲ್ಆರ್‌ನಲ್ಲಿ ಡಬ್ಬಿ ಮ್ಯಾಗಝೀನ್. ಅವೂ ಲಿವರ್ ರೈಫಲ್‌ಗಳೇ. ಗೊತ್ತಿಲ್ಲದೆ ಹೇಳಬೇಡಿ.

ಒಂಟಿನಳಿಗೆ:
ಅವನು ಕೇಳಿದ್ದು 336 ಮತ್ತು 94. ಎರಡರಲ್ಲೂ ಕೊಳವೆ. ಪ್ರಶ್ನೆ ಓದುವ ಅಭ್ಯಾಸ ಇಟ್ಟುಕೊಳ್ಳಿ.

ಬೋಲ್ಟ್ ಭಟ್ಟರು:
ಇಷ್ಟೆಲ್ಲ ಪ್ಲಾಸ್ಟಿಕ್ ಮೂಗು, ತಿರುಗುವ ಗೂಡು ಯಾಕೆ? ಬೋಲ್ಟ್‌ನಲ್ಲಿ ಈ ತಾಪತ್ರಯವೇ ಇಲ್ಲ.

ಕೊಡಗಿನ ಕಾಫಿ:
ಭಟ್ಟರೇ, ನಿಮ್ಮ ಮನೆಯಲ್ಲಿ ಬದನೆಕಾಯಿ ಹುಳಿ ಕೇಳಿದರೂ ಬೋಲ್ಟ್ ಬಡಿಸುತ್ತೀರಾ?

ಪಿಟ್ಸ್‌ಬರ್ಗ್ ಪಾಪಣ್ಣ:
ಎಲ್ಲರಿಗೂ ಥ್ಯಾಂಕ್ಸ್. ಮಾರ್ಲಿನ್ ತಂದೆ. ಮೊದಲ ದಿನವೇ ಪಕ್ಕದ ಕಿಂಡಿಯಲ್ಲಿ ತೋಟಾ ತಳ್ಳುವಾಗ ಹೆಬ್ಬೆರಳಿನ ತುದಿ ಚರ್ಮ ಕಿತ್ತುಕೊಂಡಿತು. ಇದನ್ನು ಯಾರೂ ಹೇಳಲಿಲ್ಲ! ಕೈಗವಸು ಹಾಕಿಕೊಂಡು ರೈಫಲ್ಲಿನ ಕುದುರೆಯನ್ನು (ಕೇಪಿಗೆ ಏಟು ಕೊಡುವ ಸುತ್ತಿಗೆ) ಅರ್ಧಕ್ಕೆ ಇಳಿಸುವಾಗ ಎದೆ ಡವಡವ. ನಿನ್ನೆ ರೇಂಜ್‌ಗೆ ಹೋಗಿದ್ದೆ. ಕಾಗದದ ಊಟದ ತಟ್ಟೆ ಅಂಟಿಸಿ, ಮಂಡಿಯೂರಿ, ಪ್ರತಿ ದೂರಕ್ಕೂ ಹತ್ತು ಈಡು. 50 ಗಜಕ್ಕೆ ಹತ್ತೂ ತಟ್ಟೆಯಲ್ಲಿ. 100ಕ್ಕೆ ಎಂಟು. 150ಕ್ಕೆ ನಾಲ್ಕು. 200ರಲ್ಲಿ ಏನಾಯಿತು ಅಂತ ಕೇಳಬೇಡಿ. ಲಿವರೆವಲ್ಯೂಷನ್ ತೋಟಾನೇ ಹಾಕಿದ್ದು. ಹೊಲದ ಕಡೆ ಕೂರುವುದಿಲ್ಲ, ಕಾಡಿನೊಳಗೇ ಕೂರುತ್ತೇನೆ.

ಒಂಟಿನಳಿಗೆ:
ನಾನು ಮೊದಲ ಸಾಲಿನಲ್ಲೇ 100 ಅಂದಿದ್ದೆ. ಮೇಲೆ ಹೋಗಿ ಓದಬಹುದು.

ಲೆಕ್ಕಿಗ:
ಮೊದಲ ಸಾಲಿನಲ್ಲಿ ನೀವು ಹೇಳಿದ್ದು 94 ತಗೊಳ್ಳಿ ಅಂತ. ಅವರು ತಂದದ್ದು ಮಾರ್ಲಿನ್. ಮತ್ತೆ 100ಕ್ಕೆ ಎಂಟು ಅಂದರೆ ಎರಡು ಜಿಂಕೆ ಗಾಯವಾಗಿ ಓಡಿದವು ಅಂತ ಲೆಕ್ಕ, ನಿಮ್ಮ 100 ಕೂಡ ಜಾಸ್ತಿಯಾಯಿತು. ಅದು ಕೈ ಸಾಲದ್ದು, ತೋಟಾ ಸಾಲದ್ದಲ್ಲ. ಮಂಡಿಯೂರಿ ಯಾಕೆ ಹೊಡೆದಿರಿ? ಮರಳಿನ ಚೀಲದ ಮೇಲೆ ಇಟ್ಟು ಹೊಡೆದು ನೋಡಿ, 200 ಬರುತ್ತದೆ.

ಪಿಟ್ಸ್‌ಬರ್ಗ್ ಪಾಪಣ್ಣ:
ಕಾಡಿನಲ್ಲಿ ಮರಳಿನ ಚೀಲ ಯಾರು ಹೊತ್ತು ತರುತ್ತಾರೆ ಸರ್?

ತೀರ್ಥಹಳ್ಳಿ ತಿಮ್ಮಪ್ಪ:
ಕೈ ಮುಖ್ಯ ಅಂತ ಈಗ ಲೆಕ್ಕಿಗರೂ ಹೇಳಿದರು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಮಂಡ್ಯದ ಮಗಳು:
ಪಾಪಣ್ಣ, ಆ ತಟ್ಟೆ ಎಷ್ಟು ಇಂಚಿನದು? 9 ಇಂಚಿನದು ಆದರೆ ಮೋಸ. ಜಿಂಕೆಯ ಎದೆಗೂಡಿನ ಗುರಿ 8 ಇಂಚು ಅಂತ ಲೆಕ್ಕ.

ಪಿಟ್ಸ್‌ಬರ್ಗ್ ಪಾಪಣ್ಣ:
ಹೋಳಿಗೆ ಹಾಕಿದರೆ ಅಂಚು ಮುಚ್ಚುವಷ್ಟು.

ಲೆಕ್ಕಿಗ:
ಯಾವ ಊರಿನ ಹೋಳಿಗೆ?