ಬ್ಲೌಸ್ ಸೈಜ್ 36 ಇದ್ರೆ ಬ್ರಾ ಸೈಜ್ ಎಷ್ಟು? ಒಂದೊಂದು ಚಾರ್ಟ್ ಒಂದೊಂದು ಹೇಳ್ತಿದೆ

ಕಾವೇರಿತೀರ, ಮಂಡ್ಯ

ಎದೆಯ ಕೆಳಗಿನ ಸುತ್ತಳತೆ 30 ಇಂಚು, ಎದೆ ತುಂಬಿರೋ ಜಾಗದಲ್ಲಿ 36 ಇಂಚು. ಒಂದು ಚಾರ್ಟ್ 34ಬಿ ಅನ್ನುತ್ತೆ, ಇನ್ನೊಂದು 30ಇ ಅನ್ನುತ್ತೆ. ಅಂಗಡಿಗೆ ಹೋದ್ರೆ ಮೊದಲು ಕೇಳೋದೇ ಬ್ಲೌಸ್ ಸೈಜ್. 36 ಅಂದ ಕೂಡಲೇ 36ಬಿ ತೆಗೆದು ಕೈಗಿಡ್ತಾರೆ. ಅದನ್ನ ಹಾಕಿದ್ರೆ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಪಟ್ಟಿ ಬೆನ್ನ ಮೇಲಕ್ಕೆ ಹತ್ತಿರುತ್ತೆ, ಕಪ್‌ನ ಮೇಲಂಚು ಸುಕ್ಕಾಗಿ ನಿಂತಿರುತ್ತೆ. ಭುಜದ ಪಟ್ಟಿ ಬಿಗಿ ಮಾಡಿದ್ರೆ ಕೆಂಪು ಗೆರೆ, ಸಡಿಲ ಬಿಟ್ರೆ ಜಾರುತ್ತೆ.

ಯಾವ ಚಾರ್ಟ್ ಹಿಡೀಬೇಕು? ಮನೇಲಿ ಸರಿಯಾಗಿ ಅಳೆಯೋದು ಹೇಗೆ? ಹಾಕಿ ನೋಡೋಕೆ ಜಾಗ ಇಲ್ಲದ ಅಂಗಡೀಲಿ ಏನು ನೋಡಿ ತಗೋಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಸೂಜಿದಾರ, ಮೈಸೂರು

ಗೊಂದಲ ಶುರುವಾಗೋದೇ ಬ್ಲೌಸ್ ನಂಬರಿಂದ. ಟೈಲರ್ ಬರ್ಕೊಳ್ಳೋ 36 ಎದೆ ತುಂಬಿರೋ ಜಾಗದ ಸುತ್ತಳತೆ. ಬ್ರಾ ಮೇಲಿನ ನಂಬರ್ ಹುಟ್ಟೋದು ಎದೆಯ ಕೆಳಗಿನ ಅಳತೆಯಿಂದ. ಇಬ್ಬರ ಬ್ಲೌಸೂ 36 ಇರಬಹುದು. ಒಬ್ಬರಿಗೆ ಕೆಳಗೆ 28 ಇಂಚು, ಇನ್ನೊಬ್ಬರಿಗೆ 31 ಇದ್ರೆ ಮೊದಲನೆಯವರಿಗೆ ಬೇಕಾದ್ದು 32ಡಿ ಆಸುಪಾಸು, ಎರಡನೆಯವರಿಗೆ 36ಎ. ಬ್ಲೌಸ್ ಸೈಜ್ ಕೇಳಿ ಬ್ರಾ ಕೊಡೋದು ನಮ್ಮ ಕಡೆ ಅಷ್ಟು ರೂಢಿಯಾಗಿಬಿಟ್ಟಿದೆ, ಆದ್ರೆ ಆ ಒಂದು ಪ್ರಶ್ನೆಯಿಂದಲೇ ಎಷ್ಟೋ ಹೆಂಗಸರು ವರ್ಷಗಟ್ಟಲೆ ಒಂದು ಸೈಜ್ ದೊಡ್ಡ ಪಟ್ಟಿ ಹಾಕ್ಕೊಂಡು ಭುಜ ನೋಯಿಸ್ಕೊಳ್ತಾರೆ.

ಈಗ ನಿಮ್ಮ ಎರಡು ಚಾರ್ಟ್. 34ಬಿ ಅನ್ನೋದು ಕೆಳಗಿನ ಅಳತೆಗೆ 4 ಇಂಚು ಸೇರಿಸುತ್ತೆ, ಬೆಸ ಸಂಖ್ಯೆ ಬಂದ್ರೆ 5. 30 ಕೂಡಿಸು 4, 34. ಎದೆ ಅಳತೆ 36ರಲ್ಲಿ 34 ಕಳೆದ್ರೆ 2, ಅಂದ್ರೆ ಬಿ ಕಪ್. 30ಇ ಅನ್ನೋ ಚಾರ್ಟ್ ಏನನ್ನೂ ಸೇರಿಸಲ್ಲ. 36ರಲ್ಲಿ 30 ಕಳೆದು 6, ಬ್ರಿಟನ್ ಕಡೆಯ ಎಣಿಕೆಯಲ್ಲಿ ಎ, ಬಿ, ಸಿ, ಡಿ, ಡಿಡಿ, ಇ. ಎರಡೂ ತಮ್ಮ ತಮ್ಮ ಪದ್ಧತಿಗೆ ಸರಿಯೇ. ಒಂದು ಚಾರ್ಟಲ್ಲಿ ಲೆಕ್ಕ ಹಾಕಿ ಇನ್ನೊಂದು ಪದ್ಧತಿಯ ಬ್ರಾ ಕೊಂಡ್ರೆ ಕೆಡುತ್ತೆ.

ಇದಕ್ಕೆ ಸುಲಭದ ದಾರಿ ಸೆಂಟಿಮೀಟರ್. ಎಷ್ಟೋ ಪೆಟ್ಟಿಗೆಗಳ ಮೇಲೆ 34ರ ಪಕ್ಕದಲ್ಲೇ 75 ಅಂತ ಸಣ್ಣದಾಗಿ ಇರುತ್ತೆ, ನೋಡಿ. ಅದು ಎದೆಯ ಕೆಳಗಿನ ಅಳತೆ 73ರಿಂದ 77 ಸೆಂ.ಮೀ. ಇರೋರಿಗೆ ಅಂತ. 32ಕ್ಕೆ 70 (68ರಿಂದ 72), 36ಕ್ಕೆ 80 (78ರಿಂದ 82). ಕಪ್‌ಗೆ ಎರಡು ಅಳತೆಗಳ ವ್ಯತ್ಯಾಸ ನೋಡ್ತಾರೆ: 12ರಿಂದ 14 ಸೆಂ.ಮೀ. ಎ, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ನಿಮ್ಮ 30 ಇಂಚು ಅಂದ್ರೆ 76 ಸೆಂ.ಮೀ., 36 ಇಂಚು ಅಂದ್ರೆ 91ರ ಮೇಲೆ ಸ್ವಲ್ಪ. ವ್ಯತ್ಯಾಸ 15. ಪೆಟ್ಟಿಗೆ ಮೇಲೆ 34, 75 ಎರಡೂ ಇದ್ರೆ ನಿಮ್ಮದು 34ಬಿ.

36ಬಿ ಯಾಕೆ ಆಗಲ್ಲ ಅಂದ್ರೆ ಅದು 78ರಿಂದ 82ರವರ ಪಟ್ಟಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಬಿ ಅನ್ನೋದು ನಿಂತ ಅಳತೆ ಅಲ್ಲ, ಪಟ್ಟಿ ದೊಡ್ಡದಾದ ಹಾಗೆ ಬಿ ಕಪ್ ಕೂಡ ದೊಡ್ಡದಾಗುತ್ತೆ. 36ಬಿ ಕಪ್‌ನಲ್ಲಿ ಹಿಡಿಯೋದು 34ಸಿ ಕಪ್‌ನಲ್ಲಿ ಹಿಡಿಯೋಷ್ಟು. ಪಟ್ಟಿ ಸಡಿಲ ಅಂತ ಬೆನ್ನಿಗೆ ಹತ್ತುತ್ತೆ, ಕಪ್ ದೊಡ್ಡದು ಅಂತ ಸುಕ್ಕು ಬೀಳುತ್ತೆ. ನಿಮ್ಮ ಎರಡು ತೊಂದರೆಗೂ ಕಾರಣ ಇದೇ.

ಅಳತೆ ಇನ್ನೊಮ್ಮೆ ತಗೊಳ್ಳಿ. ಹಳೇ ಟೇಪ್ ಎಳೆದು ಎಳೆದು ಹಿಗ್ಗಿರುತ್ತೆ. ಮಕ್ಕಳ ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ಟೇಪ್‌ನ 30 ಸೆಂ.ಮೀ. ಗೆರೆ ಸ್ಕೇಲ್‌ನ 30ಕ್ಕೆ ಕೂಡುತ್ತಾ ನೋಡಿ. ಪ್ಯಾಡ್ ಇರೋ ಬ್ರಾ ಬೇಡ. ತೆಳು ಬ್ರಾ ಮೇಲೆ ಇಲ್ಲವೇ ಬರಿ ಮೈಮೇಲೆ ಅಳೆಯಿರಿ. ಕನ್ನಡಿಗೆ ಪಕ್ಕಕ್ಕೆ ತಿರುಗಿ ನಿಲ್ಲಿ, ಯಾಕಂದ್ರೆ ಟೇಪ್ ಬೆನ್ನ ಹಿಂದೆ ಕೆಳಕ್ಕೆ ಜಾರೋದು ಎದುರಿಂದ ಕಾಣಲ್ಲ. ಕೆಳಗಿನ ಅಳತೆಗೆ ಉಸಿರು ಪೂರ್ತಿ ಬಿಟ್ಟು, ಟೇಪ್ ಚರ್ಮಕ್ಕೆ ಒತ್ತಿಕೊಂಡಿರಬೇಕು, ಆದ್ರೆ ಕಚ್ಚಬಾರದು. ಮೇಲಿನ ಅಳತೆಗೆ ಟೇಪ್ ಸುಮ್ಮನೆ ಮುಟ್ಟಿಕೊಂಡಿರಲಿ. ಅದನ್ನ ಎರಡು ಸಲ ತಗೊಳ್ಳಿ: ನಿಂತು ಒಂದು, ಬೆನ್ನು ನೆಲಕ್ಕೆ ಸಮನಾಗೋ ಹಾಗೆ ಬಗ್ಗಿ ಒಂದು. ಎರಡರ ನಡುವಿನ ಸಂಖ್ಯೆ ಹಿಡಿಯಿರಿ. ಬಗ್ಗಿದಾಗ ಒಂದು ಇಂಚಿಗಿಂತ ಜಾಸ್ತಿ ಬಂದ್ರೆ ಅಚ್ಚಿನ ಪ್ಯಾಡ್ ಕಪ್ ನಿಮಗೆ ಕೂರೋದು ಕಷ್ಟ, ಮೇಲೆ ಖಾಲಿ ಉಳಿಯುತ್ತೆ. ಎರಡು ಮೂರು ತುಂಡು ಬಟ್ಟೆ ಸೇರಿಸಿ ಹೊಲಿದ ಕಪ್ ನೋಡಿ. ಮುಟ್ಟಿಗೆ ಮುಂಚಿನ ವಾರ ಎದೆ ಊದಿರುತ್ತೆ, ಆಗ ಅಳೀಬೇಡಿ.

ಮಲ್ಲಿಗೆಮೊಗ್ಗು, ಮೈಸೂರು

ಸೂಜಿದಾರ ಅವರ ಲೆಕ್ಕ ಸರಿ. ಆದ್ರೆ ಒಂದೇ ಕಂಪನಿಯ ಎರಡು ಮಾದರಿಯಲ್ಲೂ 34ಬಿ ಬೇರೆ ಬೇರೆ ಥರ ಕೂರುತ್ತೆ. ಹಾಗಾಗಿ ಟ್ರಯಲ್ ರೂಮ್ ಇರೋ ಕಡೆ, ದೇವರಾಜ ಅರಸು ರಸ್ತೆಯ ದೊಡ್ಡ ಅಂಗಡಿಗೋ ಮಾಲ್‌ಗೋ ಹೋಗಿ, 34ಬಿ ಜೊತೆ 32ಸಿನೂ ತಗೊಂಡು ಒಳಗೆ ಹೋಗಿ. ಪಟ್ಟಿ ಒಂದು ಇಳಿದ್ರೆ ಕಪ್ ಒಂದು ಏರಬೇಕು. 34ಬಿ, 32ಸಿ, 36ಎ ಮೂರರಲ್ಲೂ ಕಪ್ ಹಿಡಿಯೋದು ಒಂದೇ.

ಮೊದಲು ಪಟ್ಟಿ ಒಂದನ್ನೇ ಪರೀಕ್ಷೆ ಮಾಡಿ. ಬ್ರಾ ತಿರುಗಿಸಿ, ಕಪ್ ಬೆನ್ನಿನ ಕಡೆ ಬರೋ ಹಾಗೆ ಸುತ್ತಿ ತೀರಾ ಹೊರಗಿನ ಸಾಲಿನ ಹುಕ್ಕು ಹಾಕಿ. ಕಪ್ ತುಂಬಿಲ್ಲದಾಗ ಪಟ್ಟಿಯ ನಿಜವಾದ ಬಿಗಿ ಗೊತ್ತಾಗುತ್ತೆ. ಎರಡು ಬೆರಳು ಒಳಗೆ ಹೋಗಬೇಕು, ಮುಷ್ಟಿ ಹೋದ್ರೆ ಸಡಿಲ. ಹೊಸ ಬ್ರಾ ಯಾವಾಗಲೂ ಹೊರಗಿನ ಹುಕ್ಕಿನಲ್ಲೇ ಸರಿಯಾಗಿ ಕೂರಬೇಕು. ಒಳಗಿನ ಎರಡು ಸಾಲು ಇರೋದು ಎಲಾಸ್ಟಿಕ್ ಹಿಗ್ಗಿದ ಮೇಲೆ ಒಂದೊಂದಾಗಿ ಒಳಕ್ಕೆ ಸರಿಯೋಕೆ. ಮೊದಲ ದಿನವೇ ಒಳಗಿನ ಹುಕ್ಕು ಬೇಕಾದ್ರೆ ಮೂರು ತಿಂಗಳಲ್ಲಿ ಅದು ಕೆಲಸಕ್ಕೆ ಬರಲ್ಲ.

ಆಮೇಲೆ ಸರಿಯಾಗಿ ಹಾಕ್ಕೊಂಡು, ಸ್ವಲ್ಪ ಮುಂದಕ್ಕೆ ಬಗ್ಗಿ, ಎದುರು ಬದಿಯ ಕೈಯನ್ನ ಕಪ್‌ನೊಳಗೆ ಹಾಕಿ ಕಂಕುಳ ಕಡೆ ಉಳಿದಿರೋ ಭಾಗನೆಲ್ಲ ಮುಂದಕ್ಕೆ ತಂದು ಕೂರಿಸಿ. ಈ ಒಂದು ಕೆಲಸ ಬಿಟ್ರೆ ಸರಿಯಾದ ಕಪ್ ಕೂಡ ದೊಡ್ಡದು ಅನ್ನಿಸುತ್ತೆ. ಕೂರಿಸಿದ ಮೇಲೆ ಮೇಲಂಚಿನಲ್ಲೋ ಕಂಕುಳ ಹತ್ತಿರವೋ ಉಬ್ಬು ಬಂದ್ರೆ ಕಪ್ ಚಿಕ್ಕದು. ಬ್ಲೌಸ್ ಮೇಲಿಂದ ಒಂದು ಕಡೆ ಎರಡು ಗುಡ್ಡ ಕಂಡ ಹಾಗೆ ಕಾಣೋದು ಇದಕ್ಕೇ. ತಂತಿ ಇರೋದಾದ್ರೆ ಎರಡು ಕಪ್ ನಡುವಿನ ತುಂಡು ಎದೆ ಮೂಳೆಗೆ ಅಂಟಿ ಕೂರಬೇಕು, ಎದ್ದು ನಿಂತಿದ್ರೆ ಕಪ್ ಸಾಲ್ತಿಲ್ಲ ಅಂತ. ತಂತಿಯ ಹೊರ ತುದಿ ಕಂಕುಳ ಕೆಳಗಿನ ಪಕ್ಕೆಲುಬಿನ ಮೇಲೆ ಇರಬೇಕು, ಮೆತ್ತನೆ ಭಾಗದ ಮೇಲೆ ಬಿದ್ರೆ ಸಂಜೆಗೆ ನೋವು ಖಂಡಿತ.

ಭುಜದ ಪಟ್ಟಿ ಕಡೆಗೆ. ಹೆಚ್ಚಿನ ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ, ಭುಜ ಅಲ್ಲ. ಭುಜದ ಪಟ್ಟಿ ಎರಡನ್ನೂ ಇಳಿಸಿ ಎರಡು ಹೆಜ್ಜೆ ಹಾಕಿ ನೋಡಿ. ಬ್ರಾ ಬಹುಪಾಲು ಅಲ್ಲೇ ನಿಂತ್ರೆ ಪಟ್ಟಿ ಸರಿ, ಕುಸಿದ್ರೆ ಒಂದು ಸೈಜ್ ಇಳೀಬೇಕು. ಕೈ ಎರಡೂ ಮೇಲೆತ್ತಿ, ಮೇಲಿನ ಶೆಲ್ಫಿಂದ ಡಬ್ಬ ತೆಗೆಯೋ ಹಾಗೆ. ಕೆಳಗಿನ ಅಂಚು ಎದ್ದು ಬಂದ್ರೆ ಅದೇ ಉತ್ತರ.

ಪೇಟೆಸಾಲು, ಮಂಡ್ಯ

ಹಾಕಿ ನೋಡೋಕೆ ಜಾಗ ಇಲ್ಲದ ಕಡೆಗೆ ನಾನು ಹೇಳ್ತೀನಿ ಅಕ್ಕ. ಸೈಜ್ ಕೇಳಿದ್ರೆ ಬ್ಲೌಸ್ ನಂಬರ್ ಹೇಳಲೇಬೇಡಿ. "34ಬಿ ಕೊಡಿ, ಜೊತೆಗೆ 32ಸಿನೂ ತೋರಿಸಿ" ಅಂತ ನೇರ ಕೇಳಿ. ಚೀಟಿಯಲ್ಲಿ ಬರ್ಕೊಂಡು ಹೋಗಿ ಕೈಗೆ ಕೊಟ್ರೂ ಆಯ್ತು, ಗಂಡಸರಿರೋ ಅಂಗಡೀಲಿ ಎಷ್ಟೋ ಜನ ಸಂಕೋಚಕ್ಕೆ ಕೊಟ್ಟಿದ್ದನ್ನ ತಗೊಂಡು ಬರ್ತಾರೆ.

ಟೇಪ್ ಪರ್ಸಲ್ಲಿರಲಿ. ಪೆಟ್ಟಿಗೆಯಿಂದ ತೆಗೆಸಿ ಪಟ್ಟಿಯನ್ನ ಕೌಂಟರ್ ಮೇಲೆ ಹಾಸಿ, ಹುಕ್ಕಿನ ತುದಿಯಿಂದ ಹೊರಗಿನ ಕೊಂಡಿ ಸಾಲಿನವರೆಗೆ ಕೆಳ ಅಂಚಿನಲ್ಲಿ ಅಳೆಯಿರಿ. ಎಳೆಯದೆ ಇಟ್ಟಾಗ ನಿಮ್ಮ 30 ಇಂಚಿಗಿಂತ ಕಮ್ಮಿ ಇರಬೇಕು. ಈಗ ಪೂರ್ತಿ ಎಳೆದು ನೋಡಿ. 30 ದಾಟಿ ಒಂದೆರಡು ಇಂಚು ಹೋದ್ರೆ ಸರಿ. ನಾಲ್ಕೈದು ಇಂಚು ಹೋದ್ರೆ ನಂಬರ್ ಏನೇ ಇರಲಿ, ಮೈಮೇಲೆ ಸಡಿಲ. ಎಳೆದು ಬಿಟ್ಟ ಮೇಲೆ ಪಟ್ಟಿ ಟಪ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದ್ರೆ, ಅಥವಾ ಎಳೆದಾಗ ಎಲಾಸ್ಟಿಕ್‌ನಿಂದ ಬಿಳಿ ದಾರ ಇಣುಕಿದ್ರೆ, ಹಳೇ ಸ್ಟಾಕು.

ಪಟ್ಟಿ ಕೂದಲೆಳೆಯಷ್ಟು ಬಿಗಿ, ಕಪ್ ಸರಿ ಅನ್ನಿಸಿದ್ರೆ ದೊಡ್ಡದಕ್ಕೆ ಹೋಗಬೇಡಿ. ಫ್ಯಾನ್ಸಿ ಸ್ಟೋರ್‌ನಲ್ಲಿ ಹುಕ್ಕಿಗೆ ಜೋಡಿಸೋ ಎಕ್ಸ್‌ಟೆಂಡರ್ ಸಿಗುತ್ತೆ. ಎರಡು ಹುಕ್ಕಿನದಾ ಮೂರು ಹುಕ್ಕಿನದಾ ನೋಡಿ, ಹುಕ್ಕುಗಳ ನಡುವಿನ ಅಂತರನೂ ಕೂಡಬೇಕು. ಬದಲಾಯಿಸಿಕೊಡ್ತಾರಾ ಅಂತ ದುಡ್ಡು ಕೊಡೋ ಮುಂಚೆ ಕೇಳಿ. ಮೊದಲ ಸಲ ಒಂದೇ ತಗೊಳ್ಳಿ, ಮೂರರ ಪ್ಯಾಕ್ ಬೇಡ.

ಕಾವೇರಿತೀರ, ಮಂಡ್ಯ

ಪೆಟ್ಟಿಗೆ ಮೇಲೆ 75 ಇರೋದು ಇವತ್ತೇ ಗಮನಿಸಿದ್ದು. ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಕೇಳ್ತೀನಿ. ಎಡಗಡೆ ಬಲಗಡೆಗಿಂತ ಸ್ವಲ್ಪ ದೊಡ್ಡದು, ಮೊದಲಿಂದಲೂ ಹಾಗೇ. ಯಾವುದಕ್ಕೆ ಸೈಜ್ ನೋಡೋದು? ಮತ್ತೆ, ತಂತಿ ಇರೋದು, ಕಪ್ಪು ಬಣ್ಣದ್ದು ಹಾಕಿದ್ರೆ ಕ್ಯಾನ್ಸರ್ ಬರುತ್ತೆ ಅಂತ ಫಾರ್ವರ್ಡ್ ಬರ್ತಾ ಇರುತ್ತೆ, ನಿಜವಾ?

ಸೂಜಿದಾರ, ಮೈಸೂರು

ದೊಡ್ಡ ಕಡೆಗೆ ಸೈಜ್ ನೋಡಿ. ಚಿಕ್ಕ ಕಡೆಯ ಭುಜದ ಪಟ್ಟಿ ಸ್ವಲ್ಪ ಬಿಗಿ ಮಾಡಿದ್ರೆ ಸಾಕು, ಇಲ್ಲವೇ ತೆಗೆದು ಹಾಕೋ ಪ್ಯಾಡ್ ಇರೋದನ್ನ ತಗೊಂಡು ದೊಡ್ಡ ಕಡೆಯದನ್ನ ತೆಗೆದುಬಿಡಿ. ಮೊದಲಿಂದ ಇರೋ ವ್ಯತ್ಯಾಸ ಸಾಮಾನ್ಯ, ಬಹಳ ಹೆಂಗಸರಿಗೆ ಇರುತ್ತೆ. ಹೊಸದಾಗಿ ಒಂದು ಕಡೆ ಗಾತ್ರ ಬದಲಾದ್ರೆ, ಗಂಟು ಸಿಕ್ಕಿದ್ರೆ, ಚರ್ಮ ಒಳಕ್ಕೆ ಎಳೆದ ಹಾಗೆ ಕಂಡ್ರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ.

ಕ್ಯಾನ್ಸರ್ ಮಾತು ಸುಳ್ಳು. ಬಣ್ಣಕ್ಕೂ ತಂತಿಗೂ ಅದಕ್ಕೂ ಸಂಬಂಧ ಇದೆ ಅನ್ನೋಕೆ ಯಾವ ಪುರಾವೆಯೂ ಇಲ್ಲ.

ಟೈಲರ್ ಹತ್ರ ಹೋಗುವಾಗ ಆ ಬ್ಲೌಸ್ ಜೊತೆ ಹಾಕೋ ಬ್ರಾ ಹಾಕ್ಕೊಂಡೇ ಅಳತೆ ಕೊಡಿ. ಈಗ ಎದೆ ಎತ್ತರಕ್ಕೆ ಕೂರುತ್ತೆ, ಹಳೇ ಅಳತೆ ಬ್ಲೌಸ್ ಕೊಟ್ರೆ ಟಕ್ಸ್ ಪಾಯಿಂಟ್, ಅಂದ್ರೆ ಎದೆ ಹತ್ರ ಹೊಲಿಯೋ ಮಡಿಕೆಗಳ ತುದಿ, ಅರ್ಧ ಇಂಚೋ ಮುಕ್ಕಾಲು ಇಂಚೋ ಕೆಳಗೆ ಬಿದ್ದು ಅಲ್ಲಿ ಬಟ್ಟೆ ಚೀಲದ ಹಾಗೆ ನಿಲ್ಲುತ್ತೆ. ಮೈಸೂರು ಸಿಲ್ಕ್‌ನಂಥ ತೆಳು ಬಟ್ಟೆ ಬ್ಲೌಸಿಗೆ ಲೈನಿಂಗ್ ಇಲ್ಲದಿದ್ರೆ ಹೊಲಿಗೆ ಇರೋ ಕಪ್‌ನ ಗೆರೆ ಹೊರಗೆ ಕಾಣುತ್ತೆ, ಅದೊಂದಕ್ಕೆ ಹೊಲಿಗೆ ಇಲ್ಲದ್ದು ಇಟ್ಕೊಳ್ಳಿ.

ಮಲ್ಲಿಗೆಮೊಗ್ಗು, ಮೈಸೂರು

ಒಗೆಯೋದು ಯಾರೂ ಹೇಳಲಿಲ್ಲ. ಒಗೆಯೋ ಕಲ್ಲಿನ ಮೇಲೆ ಕುಕ್ಕಿದ್ರೆ, ಹಿಂಡಿದ್ರೆ ತಂತಿ ಸೊಟ್ಟಗಾಗುತ್ತೆ, ಪಟ್ಟಿಯೊಳಗಿನ ರಬ್ಬರ್ ಎಳೆ ತುಂಡಾಗುತ್ತೆ. ಬ್ಲೀಚಿಂಗ್ ಪೌಡರ್, ಬಿಸಿನೀರು ಎರಡೂ ಆ ಎಳೆಗೆ ಶತ್ರು. ತಣ್ಣೀರಲ್ಲಿ ಸ್ವಲ್ಪ ಲಿಕ್ವಿಡ್ ಹಾಕಿ ಹತ್ತು ನಿಮಿಷ ನೆನೆಸಿ, ಪಟ್ಟಿಯ ಒಳಭಾಗ ಮಾತ್ರ ಬೆರಳಲ್ಲಿ ಉಜ್ಜಿ. ಬೆವರು, ಎಣ್ಣೆ ಕೂರೋದು ಅಲ್ಲೇ. ಬೋರ್ ನೀರಾದ್ರೆ ಸೋಪು ಬೇಗ ಬಿಡಲ್ಲ, ಒಂದು ನೀರು ಜಾಸ್ತಿ ಜಾಲಿಸಿ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಎರಡು ಕಪ್ ನಡುವಿನ ತುಂಡು ಬಟ್ಟೆ ಒಣಗಿಸೋ ತಂತಿ ಮೇಲೆ ಬರೋ ಹಾಗೆ ನೆರಳಲ್ಲಿ ಹಾಕಿ. ಭುಜದ ಪಟ್ಟಿಗೆ ಕ್ಲಿಪ್ ಹಾಕಿ ನೇತು ಬಿಟ್ರೆ ನೀರಿನ ಭಾರಕ್ಕೆ ಅದು ಹಿಗ್ಗಿ ಹೋಗುತ್ತೆ. ಒಂದೇ ಬ್ರಾ ದಿನಾ ಹಾಕಬೇಡಿ, ಒಂದು ದಿನ ಬಿಟ್ಟು ಹಾಕಿದ್ರೆ ಎಲಾಸ್ಟಿಕ್‌ಗೆ ಕುಗ್ಗೋಕೆ ಸಮಯ ಸಿಗುತ್ತೆ. ತೀರಾ ಒಳಗಿನ ಹುಕ್ಕು ಹಾಕಿದ ಮೇಲೂ ಪಟ್ಟಿ ಬೆನ್ನಿಗೆ ಹತ್ತೋಕೆ ಶುರುವಾದ ದಿನ ಹೊಸದು ತಗೊಳ್ಳಿ, ಆಗ ಮತ್ತೆ ಟೇಪ್ ಹಿಡಿದು ಅಳೆದುಕೊಂಡೇ ಹೋಗಿ.