ಹಿರಿಯ ಮುಕಾದಮರ ಮೇಲೆ ನಾನು ಸೂಪರ್‌ವೈಸರ್: ಅಂಗಳದಲ್ಲಿ ಯಾರ ಮಾತು ನಡೆಯಬೇಕು?

ಪ್ರಶ್ನೆ: ಕಪನೂರಿನ ಲೆಕ್ಕದಾಕೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್‌ಮಿಲ್ಲಿನಲ್ಲಿ ನಾಲ್ಕು ವರ್ಷ ಲೆಕ್ಕ ಬರೆಯುತ್ತಿದ್ದೆ. ದೀಪಾವಳಿಯ ನಂತರ ಮಾಲೀಕರು ನನ್ನನ್ನು ಅಂಗಳದ ಸೂಪರ್‌ವೈಸರ್ ಮಾಡಿ ಸಂಬಳ ಹೆಚ್ಚಿಸಿದರು. ಆದೇಶಪತ್ರ ಮಾತ್ರ ಕೊಡಲಿಲ್ಲ. ಹಮಾಲರನ್ನು ನಡೆಸುವ ಮುಕಾದಮರು ನನ್ನ ತಂದೆಗಿಂತ ಹಿರಿಯರು, ಮೊದಲಿನಿಂದಲೂ ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಈಗ ನಾನು ಏನು ಹೇಳಿದರೂ ಅವರು ‘ಆಗಲಿ’ ಎನ್ನುತ್ತಾರೆ, ಮಾಡುವುದು ತಮಗೆ ಸರಿ ಕಂಡದ್ದನ್ನೇ.

ಹೋದ ವಾರ ಎಣ್ಣೆ ಸವರಿದ ತೊಗರಿಯನ್ನು ಅಂಗಳದಲ್ಲಿ ಹರವಿದ್ದೆವು. ಮೋಡ ಕವಿದಿದ್ದರಿಂದ ಇನ್ನೊಂದು ದಿನ ಒಣಗಲಿ ಎಂದು ಮ್ಯಾನೇಜರ್ ಹೇಳಿದರು, ನಾನು ಅದನ್ನೇ ಕಾಕಾಗೆ ತಿಳಿಸಿದೆ. ಮಧ್ಯಾಹ್ನ ಮಾಲೀಕರ ಮಗ ನೇರವಾಗಿ ಕಾಕಾಗೆ ಫೋನ್ ಮಾಡಿ, ಲಾರಿ ಸಂಜೆಗೆ ಬರುತ್ತದೆ, ಇವತ್ತೇ ಒಡೆಯಿರಿ ಎಂದರಂತೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ರಾಶಿ ಮೇಲೆದ್ದಿತ್ತು. ಹಸಿ ಉಳಿದ ಕಾಳಿನ ಸಿಪ್ಪೆ ಸರಿಯಾಗಿ ಬಿಡಲಿಲ್ಲ, ನುಚ್ಚು ಹೆಚ್ಚಾಯಿತು, ಆ ನಷ್ಟಕ್ಕೆ ಉತ್ತರ ಹೇಳಬೇಕಾದವಳು ನಾನಾದೆ. ಕಾಕಾರ ಮೇಲೆ ಮಾಲೀಕರಿಗೆ ದೂರು ಕೊಡುವುದು ಸರಿಯೇ?

ಉತ್ತರ: ನಿವೃತ್ತ ಫೋರ್‌ಮನ್, ಬೀದರ್

ದೂರು ಕೊಡಬೇಡಿ ತಂಗಿ. ನೀವು ಬರೆದ ಘಟನೆಯಲ್ಲಿ ಕಾಕಾರ ತಪ್ಪು ನನಗೆ ಕಾಣುತ್ತಿಲ್ಲ. ಎರಡು ಮಾತು ಬಂದವು, ಅನ್ನ ಕೊಡುವ ಮನೆಯ ಮಾತನ್ನು ಅವರು ಕೇಳಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವರು ನಿಮಗೊಂದು ಮಾತು ತಿಳಿಸಬಹುದಿತ್ತು, ನಿಜ. ಆದರೆ ನೀವು ಈಗ ಅವರಿಗೆ ಏನಾಗಬೇಕು ಎಂಬುದನ್ನು ಮಾಲೀಕರು ಅವರೆದುರು ಎಂದಾದರೂ ಹೇಳಿದ್ದಾರೆಯೇ?

ನನಗೆ ಕೆಲಸ ಕಲಿಸಿದವರ ಮೇಲೆಯೇ ನಾನು ಪಾಳಿಯ ಮುಖ್ಯಸ್ಥನಾಗಬೇಕಾಯಿತು. ಮೊದಲ ತಿಂಗಳಲ್ಲೇ ಹಮಾಲರ ಎದುರು ಅವರ ಮೇಲೆ ದನಿ ಏರಿಸಿದೆ. ಆ ವರ್ಷದ ಎಳ್ಳಮಾವಾಸ್ಯೆಗೆ ಅವರು ಇಡೀ ಕಾರ್ಖಾನೆಯನ್ನು ಹೊಲಕ್ಕೆ ಊಟಕ್ಕೆ ಕರೆದರು, ನನ್ನೊಬ್ಬನನ್ನು ಬಿಟ್ಟು. ಆಮೇಲೆ ನಾನೇ ಅವರ ಮನೆಗೆ ಹೋದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಯಂತ್ರ ಶುರುವಾಗುವ ಮುನ್ನ ಮಾಲು ಹೇಗಿದೆ ಎಂದು ಎಲ್ಲರೆದುರು ಅವರನ್ನು ಕೇಳುತ್ತಿದ್ದೆ, ನಂತರ ದಿನದ ಕೆಲಸವನ್ನು ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದೆ. ತೀರ್ಮಾನ ನನ್ನದೇ ಆಗಿರುತ್ತಿತ್ತು, ಆದರೆ ಅವರ ತಿಳಿವಳಿಕೆ ಅದರೊಳಗೆ ಇದೆ ಎಂಬುದು ಹಮಾಲರಿಗೂ ಕಾಣುತ್ತಿತ್ತು.

ಉತ್ತರ: ವಾಣಿಜ್ಯ ಉಪನ್ಯಾಸಕ, ಯಾದಗಿರಿ

ಗಣಿ ಕಂಪನಿಯೊಂದನ್ನು ದೀರ್ಘಕಾಲ ನಡೆಸಿದ್ದ ಫ್ರೆಂಚ್ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಆಡಳಿತದ 14 ತತ್ವಗಳನ್ನು ಮುಂದಿಟ್ಟನು. ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿಯಿಂದ ಆದೇಶ ಬರಬೇಕು ಎಂಬುದು ಅವುಗಳಲ್ಲೊಂದು. ಪಿಯುಸಿ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಮರೆಯುತ್ತಾರೆ, ಮಾಲೀಕರ ಮಕ್ಕಳು ಓದುವ ಗೋಜಿಗೇ ಹೋಗುವುದಿಲ್ಲ. ಹಾಗೆಂದು ಎಲ್ಲ ಮಾತೂ ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಿ ಇಳಿಯಬೇಕೆಂದು ಫಯೋಲ್ ಹಟ ಹಿಡಿಯಲಿಲ್ಲ. ಮೇಲಿನವರ ಒಪ್ಪಿಗೆಯಿದ್ದು, ತೀರ್ಮಾನವನ್ನು ಅವರಿಗೆ ತಿಳಿಸುವುದಾದರೆ, ಸಮಾನ ಹಂತದ ಇಬ್ಬರು ನೇರವಾಗಿ ಮಾತಾಡಿ ಕೆಲಸ ಮುಗಿಸಬಹುದು ಎಂದು ದಾರಿ ಬಿಟ್ಟಿದ್ದನು. ನಿಮ್ಮಲ್ಲಿ ಹಾಗೆ ಮಾತಾಡಿಕೊಳ್ಳಬೇಕಾದವರು ಮ್ಯಾನೇಜರ್ ಮತ್ತು ಮಾಲೀಕರ ಮಗ. ಅವರಿಬ್ಬರೂ ಮಾತಾಡದೆ ಉಳಿಸಿದ್ದು ನಿಮ್ಮ ಮತ್ತು ಕಾಕಾರ ನಡುವಿನ ಜಗಳವಾಗಿದೆ.

ಉತ್ತರ: ಕಾರ್ಮಿಕ ಕಾನೂನಿನ ಕೆಲಸ ಮಾಡುವವ

ಬೀದರಿನ ಹಿರಿಯರ ಮಾತು ಒಪ್ಪುತ್ತೇನೆ, ಆದರೆ ಬೋರ್ಡಿನ ಮೇಲಿನ ಬರಹ ಸಂಜೆಗೆ ಅಳಿಸಿಹೋಗುತ್ತದೆ. ನಿಮ್ಮ ಕೈಯಲ್ಲಿ ಕಾಗದ ಇರಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗುಳಿಯುತ್ತಿದ್ದರು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 18,000 ರೂಪಾಯಿ. ಆದ್ದರಿಂದ ‘ಸೂಪರ್‌ವೈಸರ್’ ಎಂಬ ಹೆಸರು ಬರಿಯ ಗೌರವದ ವಿಷಯವಲ್ಲ, ನಾಳೆ ಕೆಲಸದಿಂದ ತೆಗೆದರೆ ನೀವು ಯಾವ ಬಾಗಿಲು ತಟ್ಟಬಹುದು ಎಂಬುದೂ ಅದರಿಂದ ಬದಲಾಗುತ್ತದೆ. ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ಮುಖ್ಯವಾಗಿ ಮಾಡುವ ಕೆಲಸವನ್ನೇ ನೋಡುತ್ತವೆ: ರಜೆ ಕೊಡುವವರು ಯಾರು, ಕೆಲಸ ಹಂಚುವವರು ಯಾರು, ತಪ್ಪಿದವರನ್ನು ಕೇಳುವವರು ಯಾರು? ಇವು ಯಾವುವೂ ನಿಮ್ಮ ಕೈಯಲ್ಲಿಲ್ಲದೆ ನುಚ್ಚಿನ ಹೊಣೆ ಮಾತ್ರ ನಿಮ್ಮದಾಗಿದ್ದರೆ, ಮೊದಲು ಅದನ್ನೇ ಮಾಲೀಕರಿಗೆ ಬರೆದು ಕೇಳಿ. ಕಾಕಾರ ಹೆಸರನ್ನು ಆ ಪತ್ರದಲ್ಲಿ ಎತ್ತಬೇಡಿ.

ಪ್ರಶ್ನೆ ಕೇಳಿದವರು

ಪತ್ರ ಕೊಟ್ಟು ಹತ್ತು ದಿನವಾಯಿತು, ಉತ್ತರ ಬಂದಿಲ್ಲ. ಮ್ಯಾನೇಜರ್ ಮತ್ತು ಸಣ್ಣ ಸಾಹುಕಾರರು ಇಬ್ಬರೂ ಇರುವ ಒಂದು ವಾಟ್ಸಾಪ್ ಗುಂಪು ಮಾಡಿ, ಪ್ರತಿದಿನ ಯಾವ ರಾಶಿ ಎತ್ತಬೇಕೆಂದು ಅಲ್ಲಿಯೇ ಕೇಳುತ್ತಿದ್ದೇನೆ. ಸಣ್ಣ ಸಾಹುಕಾರರು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುತ್ತಾರೆ, ಆದರೆ ಅಂಗಳಕ್ಕೆ ಬೇರೆ ಫೋನ್ ಮಾಡುವುದು ನಿಂತಿದೆ. ನಿನ್ನೆ ಬೆಳಿಗ್ಗೆ ಕಾಕಾರನ್ನು ಎಲ್ಲರೆದುರು ಕೇಳಿದೆ. ಅವರು ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, “ಇನ್ನೂ ಮೆತ್ತಗಿದೆ, ನಾಳೆ ಎತ್ತೋಣ ಎಂದು ಬರೆ” ಎಂದರು. ಹಾಗೆಯೇ ಬರೆದೆ.