ಸಹಾಯ ಬೇಕು: ಅತ್ತೆ ಇನ್ನು ಒಬ್ಬರೇ ಇರಬಹುದಾ?

ನಮ್ಮ ಸೋದರತ್ತೆಗೆ 78. ಸಾಗರದಲ್ಲಿ ಒಬ್ಬರೇ ಇದ್ದಾರೆ. ಫೋನ್ ಮಾಡಿದರೆ "ನಂಗೇನಾಗಿದೆ, ಆರಾಮಿದೀನಿ" ಅಂತಾರೆ. ಮೊನ್ನೆ ಹೋದಾಗ ಫ್ರಿಜ್ ತುಂಬ ತೆರೆಯದ ಹಾಲಿನ ಪ್ಯಾಕೆಟ್, ಕೆಲವು ಉಬ್ಬಿಕೊಂಡಿದ್ದವು. ಬಿಪಿ ಮಾತ್ರೆ ಸ್ಟ್ರಿಪ್ ಮುಟ್ಟೇ ಇಲ್ಲ. ಸಾರಿನ ಪಾತ್ರೆ ತಳ ಸೀದು ಕಪ್ಪಾಗಿದೆ. ಮಾತು ಮಾತ್ರ ಮೊದಲಿನಷ್ಟೇ ಚುರುಕು, ನಾನು ದಪ್ಪಗಾಗಿದ್ದನ್ನು ಹೇಳೋಕೆ ಮರೆಯಲಿಲ್ಲ!

ಇದು ಸುಮ್ನೆ ವಯಸ್ಸಿನ ಮರೆವಾ? ಥೈರಾಯ್ಡ್, ಬಿ12 ಕಡಿಮೆಯಾದರೂ ಹೀಗಾಗಬಹುದು, ಅಲ್ವಾ? ಮೊದಲು ರಕ್ತ ಪರೀಕ್ಷೆ ಮಾಡಿಸ್ತೀನಿ. ಹಿರಿಯರ ಸಹಾಯವಾಣಿ 14567ಕ್ಕೂ ಕೇಳ್ತೀನಿ.

ಶಿವಮೊಗ್ಗ ಕಡೆ ವಯಸ್ಸಾದವರನ್ನು ತಾಳ್ಮೆಯಿಂದ ನೋಡುವ ಡಾಕ್ಟರ್ ಇದ್ದರೆ ತಿಳಿಸಿ. ಬೆಳಿಗ್ಗೆ ಬಂದು ಅಡುಗೆ, ಮಾತ್ರೆ ನೋಡಿಕೊಳ್ಳುವವರೂ ಬೇಕು. "ಮನೆಗೆ ಯಾರೂ ಬೇಡ" ಅನ್ನುವವರನ್ನು ನೀವೆಲ್ಲ ಹೇಗೆ ಒಪ್ಪಿಸಿದಿರಿ?